ಹಂಚಿಕೊಂಡ ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರ ಬದಲಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಶೀಟನ್ನು ನಾಲ್ಕಾರು ಜನ ಸೇರಿ ಬಳಸುವ ಸಣ್ಣ ಕಚೇರಿಗಳು, ಶಾಲೆಗಳು ಮತ್ತು ಸಂಘಸಂಸ್ಥೆಗಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಮೊದಲುಗೊಂಡು ಇಲ್ಲಿ ಜೋಡಿಸಲಾಗಿದೆ. ಉದಾಹರಣೆ ಬೇಕಾದ ಕಡೆಯೆಲ್ಲ ಸಂಬಳದ ಶೀಟನ್ನು, ಅದರಲ್ಲಿಯೂ ಕರ್ನಾಟಕದ ವೃತ್ತಿ ತೆರಿಗೆಯ ಕಾಲಂ ಅನ್ನು ತೆಗೆದುಕೊಂಡಿದೆ. ಅದು ಚಿಕ್ಕ ಸೂತ್ರವೇ ಆದರೂ 2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ನಿಯಮ ಬದಲಾದ ಕಾರಣ ಈ ವಿಷಯದ ಬಹುತೇಕ ತೊಡಕುಗಳು ಅದರೊಳಗೇ ಸಿಗುತ್ತವೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

## ಆರಂಭದ ಪ್ರಶ್ನೆಗಳು

ಗೂಗಲ್ ಶೀಟ್ಸ್ ಎಲ್ಲವನ್ನೂ ತಾನೇ ನೆನಪಿಟ್ಟುಕೊಳ್ಳುತ್ತದಲ್ಲ, ನಾವು ಬೇರೆ ಬರೆದಿಡುವುದು ಯಾಕೆ?

ಯಾವ ಸೆಲ್‌ನಲ್ಲಿ, ಯಾವ ಖಾತೆಯಿಂದ, ಯಾವ ಹೊತ್ತಿಗೆ, ಏನಿದ್ದದ್ದು ಏನಾಯಿತು ಎಂಬುದನ್ನು ತಂತ್ರಾಂಶ ದಾಖಲಿಸುತ್ತದೆ. ಆದರೆ ಏಕೆ ಬದಲಾಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ವೃತ್ತಿ ತೆರಿಗೆಯ ಸೂತ್ರದಲ್ಲಿ 15000 ಇದ್ದದ್ದು 25000 ಆದದ್ದನ್ನು ಇತಿಹಾಸದ ಪುಟ ತೋರಿಸೀತು. ಅದು ಸರ್ಕಾರದ ತಿದ್ದುಪಡಿಯ ಫಲವೋ, ಬೆರಳು ಜಾರಿದ್ದರ ಫಲವೋ ಎಂದು ವರ್ಷದ ನಂತರ ಬಂದು ಕೂತ ಲೆಕ್ಕಪರಿಶೋಧಕರಿಗೆ ಆ ಪುಟದಿಂದ ತಿಳಿಯುವುದಿಲ್ಲ. ಆದ್ದರಿಂದ ಕೆಲಸವನ್ನು ಹೀಗೆ ಹಂಚಿಕೊಳ್ಳುವುದು ಸರಿ: 'ಯಾರು, ಯಾವಾಗ' ಎಂಬುದನ್ನು ತಂತ್ರಾಂಶಕ್ಕೆ ಬಿಡಿ, 'ಏಕೆ, ಯಾವ ಆಧಾರದ ಮೇಲೆ, ಯಾವ ತಿಂಗಳಿನಿಂದ' ಎಂಬುದನ್ನು ಮನುಷ್ಯರು ಬರೆಯಲಿ.

ಒಂದು ಸೆಲ್‌ನ ಫಾರ್ಮುಲಾವನ್ನು ಯಾರು ಬದಲಿಸಿದರು ಎಂದು ನೋಡುವುದು ಹೇಗೆ?

ಗೂಗಲ್ ಶೀಟ್ಸ್‌ನಲ್ಲಿ ಆ ಸೆಲ್ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ 'ಶೋ ಎಡಿಟ್ ಹಿಸ್ಟರಿ' ಆರಿಸಿದರೆ ಆ ಸೆಲ್‌ಗೆ ಆದ ತಿದ್ದುಪಡಿಗಳು ಒಂದೊಂದಾಗಿ ಕಾಣುತ್ತವೆ. ಇಡೀ ಕಡತದ ಚರಿತ್ರೆ ಬೇಕಿದ್ದರೆ 'ಫೈಲ್' ಮೆನುವಿನ 'ವರ್ಷನ್ ಹಿಸ್ಟರಿ'ಗೆ ಹೋಗಬೇಕು. ಎರಡನ್ನೂ ನೋಡಲು ತಿದ್ದುವ ಅನುಮತಿ ಇರಬೇಕು. ಓದುವ ಅನುಮತಿಯಷ್ಟೇ ಇರುವವರಿಗೆ ಇವು ಸಿಗುವುದಿಲ್ಲ.

ಸೆಲ್ ಇತಿಹಾಸಕ್ಕೆ ಮಿತಿಗಳಿವೆ. ಸಾಲು ಅಥವಾ ಕಾಲಂ ಸೇರಿಸಿದ್ದು, ಅಳಿಸಿದ್ದು, ಬಣ್ಣ ಮುಂತಾದ ರೂಪ ಬದಲಿಸಿದ್ದು, ಸೂತ್ರದ ಲೆಕ್ಕದಿಂದಲೇ ಉತ್ತರ ಬದಲಾದದ್ದು ಅದರಲ್ಲಿ ಕಾಣದಿರಬಹುದು. ಇನ್ನೊಂದು ತೊಡಕು ನಾವೇ ಮಾಡಿಕೊಂಡದ್ದು. ಕಚೇರಿಯ ಒಂದೇ ಖಾತೆಯ ಪಾಸ್‌ವರ್ಡನ್ನು ಐವರು ಬಳಸುತ್ತಿದ್ದರೆ, ಅಥವಾ ಲಿಂಕ್ ಸಿಕ್ಕವರೆಲ್ಲ ಲಾಗಿನ್ ಇಲ್ಲದೆ ತಿದ್ದಬಹುದಾದರೆ, ಇತಿಹಾಸದಲ್ಲಿ ವ್ಯಕ್ತಿಯ ಹೆಸರು ಸಿಗುವುದಿಲ್ಲ. ಬೇರೆ ಯಾವ ಏರ್ಪಾಡಿಗೂ ಮೊದಲು ಪ್ರತಿಯೊಬ್ಬರೂ ಅವರವರ ಖಾತೆಯಿಂದಲೇ ಬರುವಂತೆ ಮಾಡಬೇಕು.

ನಮ್ಮದು ಎಕ್ಸೆಲ್. ಅದರಲ್ಲಿಯೂ ಇದು ಇದೆಯೇ?

ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿಟ್ಟು ಹಂಚಿಕೊಂಡ ಕಡತವಾದರೆ 'ರಿವ್ಯೂ' ಟ್ಯಾಬಿನಲ್ಲಿ 'ಶೋ ಚೇಂಜಸ್' ಇದೆ. ಮೌಲ್ಯ ಮತ್ತು ಸೂತ್ರಗಳಲ್ಲಿ ಆದ ಬದಲಾವಣೆಯನ್ನು, ಹಳೆಯದು ಏನಿತ್ತು ಎಂಬುದರ ಸಮೇತ, ಅದು ಹೆಚ್ಚೆಂದರೆ 60 ದಿನಗಳವರೆಗೆ ತೋರಿಸುತ್ತದೆ. ಏಪ್ರಿಲ್‌ನ ತಿದ್ದುಪಡಿಯನ್ನು ಮುಂದಿನ ಮಾರ್ಚ್‌ನಲ್ಲಿ ಹುಡುಕುವವರಿಗೆ ಇದರಿಂದ ಪ್ರಯೋಜನವಿಲ್ಲ. ಅಷ್ಟು ಹಿಂದಿನದಕ್ಕೆ ಕಡತದ ಹಳೆಯ ಆವೃತ್ತಿಗಳನ್ನು ತೆರೆದು ನೋಡಬೇಕು. ಪೆನ್‌ಡ್ರೈವಿನಲ್ಲಿಯೋ ಇಮೇಲಿನಲ್ಲಿಯೋ ಓಡಾಡುವ ಎಕ್ಸೆಲ್ ಕಡತಕ್ಕೆ ಈ ಸೌಲಭ್ಯವಿಲ್ಲ. ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುವವರು 'ಎಡಿಟ್' ಮೆನುವಿನ 'ಟ್ರ್ಯಾಕ್ ಚೇಂಜಸ್'ನಲ್ಲಿ 'ರೆಕಾರ್ಡ್' ಆರಿಸಿ ದಾಖಲಿಸಲು ಆರಂಭಿಸಬಹುದು, ಆದರೆ ಹಾಗೆ ಆರಿಸುವ ಮುಂಚೆ ಆದದ್ದು ಅದರಲ್ಲಿ ಸಿಗುವುದಿಲ್ಲ.

ಮೊನ್ನೆ ಸರಿಯಿದ್ದ ಮೊತ್ತ ಇವತ್ತು ಬೇರೆ ಬರುತ್ತಿದೆ. ಯಾರನ್ನು ಕೇಳಿದರೂ ನಾನು ಮುಟ್ಟಿಲ್ಲ ಅಂತಾರೆ. ಹೇಗೆ ಸಾಧ್ಯ?

ಅವರೆಲ್ಲ ನಿಜವನ್ನೇ ಹೇಳುತ್ತಿರಬಹುದು. ಸೂತ್ರ ಇದ್ದಂತೆಯೇ ಇದ್ದು ಉತ್ತರ ಮಾತ್ರ ಬದಲಾಗುವ ದಾರಿಗಳು ಹಲವಿವೆ. ಸೂತ್ರ ಓದಿಕೊಳ್ಳುವ ಬೇರೆ ಹಾಳೆಯ ಅಂಕಿ ಬದಲಾಗಿರಬಹುದು. ಬೇರೆ ಕಡತದಿಂದ ಅಂಕಿ ತರುವ 'ಇಂಪೋರ್ಟ್‌ರೇಂಜ್' ಬಳಸಿದ್ದರೆ ಆ ಅಂಕಿ ನಿಮ್ಮ ಕಡತದಲ್ಲಿಯೇ ಇರುವುದಿಲ್ಲವಾದ್ದರಿಂದ ಇಲ್ಲಿನ ಇತಿಹಾಸದಲ್ಲಿ ಎಷ್ಟು ಹುಡುಕಿದರೂ ಕಾರಣ ಕಾಣುವುದಿಲ್ಲ. ಮೊತ್ತದ ಸೂತ್ರ 2ನೇ ಸಾಲಿನಿಂದ 14ನೇ ಸಾಲಿನವರೆಗೆ ಎಂದಿದ್ದು, ಹೊಸ ನೌಕರರ ಹೆಸರನ್ನು 15ರಲ್ಲಿ ಬರೆದಿದ್ದರೆ ಅವರ ಸಂಬಳ ಮೊತ್ತದಿಂದ ಹೊರಗೇ ಉಳಿದಿರಬಹುದು.

ಹೆಚ್ಚು ದಾರಿ ತಪ್ಪಿಸುವುದು ಈ ದಿನದ ದಿನಾಂಕ ಕೊಡುವ 'ಟುಡೇ'. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ ₹300, ಉಳಿದ ತಿಂಗಳುಗಳಲ್ಲಿ ₹200 ಎಂಬ ಸೂತ್ರದಲ್ಲಿ ಈಗ ಯಾವ ತಿಂಗಳು ಎಂಬುದನ್ನು 'ಟುಡೇ'ಯಿಂದ ತಿಳಿದುಕೊಳ್ಳುವಂತೆ ಬರೆದಿದ್ದರೆ, ಫೆಬ್ರವರಿಯ ಹಾಳೆಯನ್ನು ಮಾರ್ಚ್ 1ರಂದು ತೆರೆದ ಕೂಡಲೇ ₹300 ಇದ್ದದ್ದು ₹200 ಆಗುತ್ತದೆ. ಯಾರೂ ಮುಟ್ಟಿಲ್ಲ, ಇತಿಹಾಸದಲ್ಲಿ ಗೆರೆಯೂ ಇಲ್ಲ. ಸಂಬಳದ ತಿಂಗಳನ್ನು ಹಾಳೆಯ ತಲೆಯಲ್ಲಿ ಒಂದು ಸೆಲ್‌ನಲ್ಲಿ ಬರೆದು, ಸೂತ್ರ ಅದನ್ನೇ ಓದಿಕೊಳ್ಳುವಂತೆ ಮಾಡುವುದು ಇದಕ್ಕೆ ಪರಿಹಾರ.

ತಪ್ಪು ಕಂಡಾಗ ಹಳೆಯ ವರ್ಷನ್‌ಗೆ ವಾಪಸ್ ಹೋದರೆ ಆಯಿತಲ್ಲ?

'ರಿಸ್ಟೋರ್' ಒತ್ತಿದರೆ ಒಂದು ಸೆಲ್ ಮಾತ್ರವಲ್ಲ, ಇಡೀ ಕಡತ ಹಿಂದಿನ ಸ್ಥಿತಿಗೆ ಹೋಗುತ್ತದೆ. ನಡುವೆ ಇತರರು ಮಾಡಿದ ಸರಿಯಾದ ಕೆಲಸವೂ ಅದರೊಂದಿಗೆ ಮರೆಯಾಗುತ್ತದೆ. ಆದ್ದರಿಂದ ಹಳೆಯ ಆವೃತ್ತಿಯ ಪ್ರತಿಯನ್ನು 'ಮೇಕ್ ಎ ಕಾಪಿ'ಯಿಂದ ಬೇರೆಯಾಗಿ ತೆಗೆದು, ಅದರಲ್ಲಿನ ಸೂತ್ರವನ್ನಷ್ಟೇ ಈಗಿನ ಹಾಳೆಗೆ ತಂದುಕೊಳ್ಳುವುದು ಲೇಸು.

## ಬರೆದಿಡುವ ಕ್ರಮ

ಬದಲಾವಣೆಯ ಪಟ್ಟಿಯಲ್ಲಿ ಏನೇನು ಬರೆಯಬೇಕು?

ಅದೇ ಕಡತದಲ್ಲಿ 'ಬದಲಾವಣೆ' ಎಂಬ ಪ್ರತ್ಯೇಕ ಹಾಳೆ ತೆರೆಯಿರಿ. ಬೇರೆ ಕಡತದಲ್ಲಿ ಇಟ್ಟರೆ ಅದನ್ನು ಯಾರೂ ತೆರೆಯುವುದಿಲ್ಲ. ಕಾಲಂಗಳು ಇಷ್ಟು ಸಾಕು: ದಿನಾಂಕ, ಹಾಳೆ ಮತ್ತು ಕಾಲಂನ ಹೆಸರು, ಹಳೆಯ ಸೂತ್ರ, ಹೊಸ ಸೂತ್ರ, ಕಾರಣ, ಆಧಾರ, ಯಾವ ಅವಧಿಯಿಂದ ಅನ್ವಯ, ಬದಲಿಸಿದವರು, ಪರಿಶೀಲಿಸಿದವರು. ಒಂದು ನಮೂದು ಹೀಗಿರಬಹುದು: "ಸಂಬಳ ಹಾಳೆ, ವೃತ್ತಿ ತೆರಿಗೆ ಕಾಲಂ. ಮೊದಲು ಎಲ್ಲ ತಿಂಗಳಿಗೂ 200 ಇತ್ತು. ಈಗ ಸಂಬಳದ ತಿಂಗಳು ಫೆಬ್ರವರಿ ಆಗಿದ್ದರೆ 300. ಕಾರಣ: ವೃತ್ತಿ ತೆರಿಗೆ ಕಾಯ್ದೆಯ ತಿದ್ದುಪಡಿ. 2025ರ ಏಪ್ರಿಲ್ ಸಂಬಳದಿಂದ ಅನ್ವಯ. ಹಿಂದಿನ ತಿಂಗಳುಗಳನ್ನು ಮುಟ್ಟಿಲ್ಲ." ಕೊನೆಯ ಆ ಪುಟ್ಟ ವಾಕ್ಯ ಮುಂದೆ ಬಹಳ ಹೊತ್ತು ಉಳಿಸುತ್ತದೆ.

ಮೂರು ಸೂಕ್ಷ್ಮಗಳಿವೆ. ಸೂತ್ರವನ್ನು ಪಟ್ಟಿಗೆ ಅಂಟಿಸುವಾಗ ಮುಂದೆ ಒಂದು ಅಪಾಸ್ಟ್ರಫಿ ಹಾಕದಿದ್ದರೆ ಅದು ಪಠ್ಯವಾಗಿ ಉಳಿಯದೆ ಅಲ್ಲಿಯೇ ಲೆಕ್ಕ ಮಾಡಲು ಶುರುವಾಗುತ್ತದೆ. ಸೆಲ್ ವಿಳಾಸವನ್ನು ಮಾತ್ರ ಬರೆದರೆ ಸಾಲು ಸೇರಿಸಿದ ಮರುದಿನವೇ ಆ ವಿಳಾಸ ಸುಳ್ಳಾಗುತ್ತದೆ, ಆದ್ದರಿಂದ ಕಾಲಂನ ತಲೆಬರಹವನ್ನೋ ಹೆಸರಿಟ್ಟ ವ್ಯಾಪ್ತಿಯನ್ನೋ (ಸೆಲ್‌ಗಳ ಗುಂಪಿಗೆ ನೀವೇ ಕೊಟ್ಟ ಹೆಸರು, 'ನೇಮ್ಡ್ ರೇಂಜ್') ಬರೆಯಿರಿ. ಬದಲಿಸಿದ ದಿನಾಂಕ ಬೇರೆ, ಅನ್ವಯವಾಗುವ ದಿನಾಂಕ ಬೇರೆ. ಇವೆರಡನ್ನು ಒಂದೇ ಕಾಲಂನಲ್ಲಿ ಬರೆದಿರುವ ಪಟ್ಟಿಗಳೇ ಹೆಚ್ಚು, ಮತ್ತು ಲೆಕ್ಕಪರಿಶೋಧನೆಯ ವೇಳೆ ಅವುಗಳಿಂದಲೇ ತಕರಾರು ಹುಟ್ಟುತ್ತದೆ.

ಸೆಲ್‌ಗೆ ಒಂದು ಕಾಮೆಂಟ್ ಹಾಕಿದರೆ ಸಾಲದೆ?

ಕಾಮೆಂಟ್ ಇರುವುದು ಚರ್ಚೆಗೆ. ಯಾರಾದರೂ 'ರಿಸಾಲ್ವ್' ಒತ್ತಿದರೆ ಅದು ಹಾಳೆಯ ಮೇಲಿನಿಂದ ಮಾಯವಾಗುತ್ತದೆ. ಗೂಗಲ್ ಶೀಟ್ಸ್‌ನ 'ನೋಟ್' ಹಾಗೆ ಮಾಯವಾಗದಿದ್ದರೂ ಅದರಲ್ಲಿ ಬರೆದವರ ಹೆಸರಾಗಲಿ ದಿನಾಂಕವಾಗಲಿ ತಾನಾಗಿ ಸೇರುವುದಿಲ್ಲ. "ಈ ಕಾಲಂ ಹೀಗೆ ಲೆಕ್ಕ ಹಾಕುತ್ತದೆ" ಎಂಬ ಸ್ಥಿರ ವಿವರಣೆಯನ್ನು ತಲೆಬರಹದ ಸೆಲ್‌ಗೆ ನೋಟ್ ಆಗಿ ಹಾಕಿ, ಬದಲಾವಣೆಗಳ ಚರಿತ್ರೆಯನ್ನು ಪಟ್ಟಿಯಲ್ಲಿ ಬರೆಯುವುದು ಸರಿಯಾದ ಹಂಚಿಕೆ. ಉದ್ದ ಸೂತ್ರಗಳಲ್ಲಿ 'ಲೆಟ್' ಬಳಸಿ ಮಧ್ಯದ ಲೆಕ್ಕಗಳಿಗೆ ಹೆಸರು ಕೊಟ್ಟರೆ ವಿವರಣೆಯ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಈ ಸೌಲಭ್ಯ ಹೊಸ ಎಕ್ಸೆಲ್‌ನಲ್ಲಿಯೂ ಗೂಗಲ್ ಶೀಟ್ಸ್‌ನಲ್ಲಿಯೂ ಇದೆ.

ದರ ಬದಲಾದಾಗಲೆಲ್ಲ ಫಾರ್ಮುಲಾ ತಿದ್ದುತ್ತೇವೆ, ಆಮೇಲೆ ಹಳೆಯ ತಿಂಗಳ ಲೆಕ್ಕವೂ ಬದಲಾಗಿಬಿಡುತ್ತದೆ. ಏನು ಮಾಡುವುದು?

ಸೂತ್ರದೊಳಗೆ ಅಂಕಿಯನ್ನು ಬರೆಯುವುದನ್ನು ನಿಲ್ಲಿಸಬೇಕು. ಬದಲಾವಣೆಗಳನ್ನು ದಾಖಲಿಸುವ ಎಲ್ಲ ಉಪಾಯಗಳಿಗಿಂತ, ಸೂತ್ರ ಬದಲಾಗುವ ಸಂದರ್ಭವನ್ನೇ ಕಡಿಮೆ ಮಾಡುವುದು ಮೇಲು.

ಕರ್ನಾಟಕದಲ್ಲಿ ಸಂಬಳದಾರರ ವೃತ್ತಿ ತೆರಿಗೆಯ ಮಿತಿ ತಿಂಗಳಿಗೆ ₹15,000 ಇದ್ದದ್ದು 2023ರ ಏಪ್ರಿಲ್ 1ರಿಂದ ₹25,000 ಆಯಿತು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಂಬಳವಿದ್ದವರಿಗೆ ತಿಂಗಳಿಗೆ ₹200. 2025ರ ಏಪ್ರಿಲ್ 1ರಿಂದ ಹನ್ನೊಂದು ತಿಂಗಳು ₹200, ಫೆಬ್ರವರಿಯಲ್ಲಿ ₹300 ಎಂದಾಗಿ, ವರ್ಷದ ಮೊತ್ತ ಸಂವಿಧಾನದ 276ನೇ ವಿಧಿಯ ಗರಿಷ್ಠ ಮಿತಿಯಾದ ₹2,500ಕ್ಕೆ ಮುಟ್ಟಿತು. ಈ ಅಂಕಿಗಳು ಸೂತ್ರದೊಳಗಿದ್ದರೆ ಎರಡು ಸಲವೂ ಪ್ರತಿ ಹಾಳೆಯ ಪ್ರತಿ ಸಾಲನ್ನು ತಿದ್ದಬೇಕಾಗುತ್ತದೆ, ಮತ್ತು ತಿದ್ದಿದ ಸೂತ್ರವನ್ನು ಯಾರಾದರೂ ಹಿಂದಿನ ವರ್ಷದ ಹಾಳೆಗೆ ಎಳೆದರೆ ಆಗ ಕಟ್ಟಿದ ತೆರಿಗೆಗೂ ಈಗಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.

ಇದರ ಬದಲು 'ದರಗಳು' ಎಂಬ ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ: ಅನ್ವಯವಾಗುವ ದಿನಾಂಕ, ಮಿತಿ, ಸಾಮಾನ್ಯ ತಿಂಗಳ ತೆರಿಗೆ, ಫೆಬ್ರವರಿಯ ತೆರಿಗೆ. ಮೊದಲ ಸಾಲಿನಲ್ಲಿ ನಿಮ್ಮ ಶೀಟಿನ ಅತಿ ಹಳೆಯ ತಿಂಗಳು, 15000, 200, 200. ಎರಡನೆಯದರಲ್ಲಿ 1-4-2023, 25000, 200, 200. ಮೂರನೆಯದರಲ್ಲಿ 1-4-2025, 25000, 200, 300. ಸಂಬಳದ ತಿಂಗಳ ಮೊದಲ ದಿನಕ್ಕೆ ಸಮನಾದ ಅಥವಾ ಅದಕ್ಕೆ ತೀರ ಹತ್ತಿರದ ಹಿಂದಿನ ದಿನಾಂಕದ ಸಾಲನ್ನು 'ಎಕ್ಸ್‌ಲುಕ್ಅಪ್' ಹುಡುಕಿ ತರುತ್ತದೆ. ಅದಕ್ಕಾಗಿ ಹೊಂದಾಣಿಕೆಯ ಕ್ರಮವನ್ನು -1 ಎಂದು ಕೊಡಬೇಕು. ಇದೇ ಕೆಲಸದ ಹಳೆಯ ಫಂಕ್ಷನ್ ಆದ 'ವಿಲುಕ್ಅಪ್' ಬಳಸುವುದಾದರೆ ದಿನಾಂಕಗಳು ಏರಿಕೆಯ ಕ್ರಮದಲ್ಲಿರಲೇಬೇಕು. ಮುಂದೆ ನಿಯಮ ಬದಲಾದರೆ ನಾಲ್ಕನೆಯ ಸಾಲು ಸೇರುತ್ತದೆ ಅಷ್ಟೆ, ಸೂತ್ರವನ್ನು ಯಾರೂ ಮುಟ್ಟುವುದಿಲ್ಲ. ಐದನೆಯ ಕಾಲಂನಲ್ಲಿ ಅಧಿಸೂಚನೆಯ ಸಂಖ್ಯೆ ಬರೆದಿಟ್ಟರೆ ದರಗಳ ಹಾಳೆಯೇ ದಾಖಲೆಯೂ ಆಗುತ್ತದೆ.

ಬಿಲ್ಲುಗಳ ಶೀಟಿನಲ್ಲಿ ತಿಂಗಳು ಸಾಲದು, ದಿನಾಂಕವೇ ಬೇಕು. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಂದು, ಅಂದರೆ ತಿಂಗಳ ನಡುವೆ, ಬದಲಾದವು. ಒಂದೇ ಸೆಪ್ಟೆಂಬರ್‌ನಲ್ಲಿ ಒಂದೇ ಸರಕಿಗೆ ಎರಡು ದರಗಳಿರಬಹುದು. ಪೂರೈಕೆ, ಬಿಲ್ಲು, ಹಣ ಸಂದಾಯ ಬೇರೆ ಬೇರೆ ದಿನ ಆಗಿದ್ದರೆ ಯಾವ ದರ ಅನ್ವಯ ಎಂಬುದು ಕಾನೂನಿನ ಪ್ರಶ್ನೆ. ಅದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಂಡು, ಸಿಕ್ಕ ಉತ್ತರವನ್ನು ಕಾರಣದ ಕಾಲಂನಲ್ಲಿ ಬರೆಯಿರಿ.

ತಿಂಗಳ ಕೊನೆಯಲ್ಲಿ ಇದನ್ನೆಲ್ಲ ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕನಿಷ್ಠ ಎಷ್ಟು ಮಾಡಬೇಕು?

ಸೂತ್ರ ಮುಟ್ಟುವ ಮುನ್ನ 'ನೇಮ್ ಕರೆಂಟ್ ವರ್ಷನ್' ಆರಿಸಿ "2025 ಏಪ್ರಿಲ್, ವೃತ್ತಿ ತೆರಿಗೆ ಬದಲಿಸುವ ಮುಂಚೆ" ಎಂದು ಹೆಸರಿಡಿ. ಬದಲಿಸಿದ ಮೇಲೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಉಳಿದ ಕಾಲಂಗಳನ್ನು ಇತಿಹಾಸ ನೋಡಿ ಆಮೇಲೂ ತುಂಬಬಹುದು, ಕಾರಣವನ್ನು ತುಂಬಲಾಗುವುದಿಲ್ಲ.

## ಕಾವಲು ಮತ್ತು ಪರಿಶೀಲನೆ

ಫಾರ್ಮುಲಾ ಇರುವ ಸೆಲ್‌ಗಳಿಗೆ ಬೀಗ ಹಾಕಬಹುದೇ?

ಹಾಕಬಹುದು. ಗೂಗಲ್ ಶೀಟ್ಸ್‌ನಲ್ಲಿ 'ಡೇಟಾ' ಮೆನುವಿನ 'ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್' ಎರಡು ಆಯ್ಕೆ ಕೊಡುತ್ತದೆ: ಎಚ್ಚರಿಕೆ ತೋರಿಸಿ ಬಿಡುವುದು, ಅಥವಾ ಹೆಸರಿಸಿದವರ ಹೊರತು ಯಾರೂ ತಿದ್ದದಂತೆ ತಡೆಯುವುದು. ಎಕ್ಸೆಲ್‌ನಲ್ಲಿ ಎಲ್ಲ ಸೆಲ್‌ಗಳಿಗೂ 'ಲಾಕ್ಡ್' ಗುರುತು ಮೊದಲೇ ಇರುತ್ತದಾದರೂ 'ಪ್ರೊಟೆಕ್ಟ್ ಶೀಟ್' ಒತ್ತುವವರೆಗೆ ಅದಕ್ಕೆ ಬಲವಿಲ್ಲ. ಅಂಕಿ ತುಂಬಬೇಕಾದ ಸೆಲ್‌ಗಳ ಗುರುತನ್ನು ಮೊದಲು ತೆಗೆದು ಆಮೇಲೆ ಒತ್ತಬೇಕು. ಒಬ್ಬರಿಗೇ ಬೀಗದ ಕೈ ಕೊಟ್ಟರೆ ಅವರು ರಜೆ ಹಾಕಿದ ದಿನ ಉಳಿದವರು ಕಡತದ ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮುಂದುವರಿಸುತ್ತಾರೆ, ಅಲ್ಲಿಗೆ ಎರಡು ಶೀಟು, ಎರಡು ಲೆಕ್ಕ. ಇಬ್ಬರಿಗೆ ಕೊಡಿ.

ಫಾರ್ಮುಲಾ ಮೇಲೆ ಯಾರೋ ಅಂಕಿ ಟೈಪ್ ಮಾಡಿಬಿಡುತ್ತಾರೆ. ಸಾವಿರ ಸಾಲಿನಲ್ಲಿ ಅದನ್ನು ಕಂಡುಹಿಡಿಯುವುದು ಹೇಗೆ?

ಸೆಲ್‌ನಲ್ಲಿ ಸೂತ್ರವಿದೆಯೇ ಎಂದು ಹೇಳುವ 'ಈಸ್‌ಫಾರ್ಮುಲಾ' ಎಂಬ ಫಂಕ್ಷನ್ ಇದಕ್ಕೆಂದೇ ಇದೆ. 'ಕಂಡೀಷನಲ್ ಫಾರ್ಮ್ಯಾಟಿಂಗ್'ನಲ್ಲಿ ಅದನ್ನು 'ನಾಟ್' ಒಳಗಿಟ್ಟು ಆ ಕಾಲಂಗೆ ಅನ್ವಯಿಸಿದರೆ ಸೂತ್ರ ಕಳೆದುಕೊಂಡ ಸೆಲ್‌ಗಳಿಗೆಲ್ಲ ತಾನಾಗಿ ಬಣ್ಣ ಬರುತ್ತದೆ. ಎಕ್ಸೆಲ್‌ನಲ್ಲಿಯೂ ಗೂಗಲ್ ಶೀಟ್ಸ್‌ನಲ್ಲಿಯೂ ಇದು ನಡೆಯುತ್ತದೆ. ಕಂಟ್ರೋಲ್ ಕೀಲಿ ಹಿಡಿದು, ಎಸ್ಕೇಪ್ ಕೆಳಗಿನ ಕೀಲಿ ಒತ್ತಿದರೆ ಉತ್ತರಗಳ ಜಾಗದಲ್ಲಿ ಸೂತ್ರಗಳೇ ಕಾಣುತ್ತವೆ, ಆಗ ನಡುವೆ ಬಂದು ಕೂತ ಬರೀ ಅಂಕಿ ಅಕ್ಕಿಯೊಳಗಿನ ಕಲ್ಲಿನಂತೆ ಕಣ್ಣಿಗೆ ಬೀಳುತ್ತದೆ. ಹಾಗೆ ಸಿಕ್ಕ ಅಂಕಿಯನ್ನು ಕೂಡಲೇ ಅಳಿಸಬೇಡಿ. ಸೂತ್ರಕ್ಕೆ ಒಗ್ಗದ ಒಬ್ಬ ನೌಕರರ ವಿಶೇಷ ಪ್ರಕರಣಕ್ಕಾಗಿ ಯಾರೋ ತಿಳಿದೇ ಹಾಗೆ ಮಾಡಿರಬಹುದು. ಅಂಥದ್ದಕ್ಕೆ 'ಹೊಂದಾಣಿಕೆ' ಎಂಬ ಬೇರೆ ಕಾಲಂ ಇರಬೇಕು.

ಹೊಸ ಫಾರ್ಮುಲಾ ಸರಿಯಾಗಿದೆ ಎಂದು ಒಪ್ಪಿಕೊಳ್ಳುವ ಮೊದಲು ಏನನ್ನು ನೋಡಬೇಕು?

ಅಂಚುಗಳನ್ನು ನೋಡಬೇಕು. ವೃತ್ತಿ ತೆರಿಗೆಗೆ 24,999, 25,000 ಮತ್ತು 25,001 ಸಂಬಳದ ಮೂರು ಕಾಲ್ಪನಿಕ ಸಾಲುಗಳನ್ನು ಫೆಬ್ರವರಿಗೂ ಬೇರೊಂದು ತಿಂಗಳಿಗೂ ಓಡಿಸಿ, ಬರಬೇಕಾದ ಉತ್ತರವನ್ನು ಪಕ್ಕದಲ್ಲಿ ಕೈಯಿಂದ ಬರೆದಿಡಿ. 'ಹೆಚ್ಚು' ಎಂಬ ಚಿಹ್ನೆಗೂ 'ಹೆಚ್ಚು ಅಥವಾ ಸಮ' ಎಂಬ ಚಿಹ್ನೆಗೂ ಇರುವ ವ್ಯತ್ಯಾಸ ಸರಿಯಾಗಿ 25,000 ಪಡೆಯುವವರ ಸಾಲಿನಲ್ಲಿ ಮಾತ್ರ ಹೊರಬೀಳುತ್ತದೆ.

ಎರಡನೆಯದು ವ್ಯಾಪ್ತಿ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ 2010ರಲ್ಲಿ ಪ್ರಕಟಿಸಿದ ಲೇಖನದ ಎಕ್ಸೆಲ್ ಕಡತದಲ್ಲಿ ಸರಾಸರಿಯ ಸೂತ್ರ 20 ದೇಶಗಳ ಪೈಕಿ ಕೊನೆಯ ಸಾಲುಗಳ 5 ದೇಶಗಳನ್ನು ಬಿಟ್ಟಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಕಡತ ಪಡೆದು ನೋಡುವವರೆಗೆ ಅದು ಹೊರಗೆ ಬರಲಿಲ್ಲ. ಆ ಲೇಖನದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು ನಿಜ. ಆದರೆ ಈ ಒಂದು ತಪ್ಪು ಸೂತ್ರವನ್ನು ತೆರೆದು ನೋಡಿದ ಯಾರಿಗಾದರೂ ಕಾಣುವಂಥದ್ದು.

ಮೂರನೆಯದು, ಬರೆದವರಲ್ಲದ ಇನ್ನೊಬ್ಬರ ಕಣ್ಣು. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು 600 ಕೋಟಿ ಡಾಲರಿಗೂ ಹೆಚ್ಚು ನಷ್ಟ ಅನುಭವಿಸಿದ 'ಲಂಡನ್ ವೇಲ್' ಪ್ರಕರಣದ ಕುರಿತ ಬ್ಯಾಂಕಿನದೇ ವರದಿಯಲ್ಲಿ, ಅಪಾಯ ಅಳೆಯುವ ಲೆಕ್ಕ ಹಲವು ಶೀಟುಗಳ ನಡುವೆ ಕೈಯಿಂದ ಕಾಪಿ–ಪೇಸ್ಟ್ ಆಗುತ್ತಿತ್ತೆಂದೂ, ಎರಡು ದರಗಳ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಅವುಗಳ ಮೊತ್ತದಿಂದ ಭಾಗಿಸಲಾಗಿತ್ತೆಂದೂ ಇದೆ. ನಷ್ಟಕ್ಕೆ ಕಾರಣ ಆ ಸೂತ್ರವೊಂದೇ ಅಲ್ಲ, ಆದರೆ ಅಪಾಯ ಇರುವುದಕ್ಕಿಂತ ಕಡಿಮೆ ಎಂದು ತೋರಿಸುವಲ್ಲಿ ಅದರ ಪಾಲಿತ್ತು. ಪಟ್ಟಿಯಲ್ಲಿ 'ಪರಿಶೀಲಿಸಿದವರು' ಎಂಬ ಕಾಲಂನಲ್ಲಿ 'ಬದಲಿಸಿದವರ' ಹೆಸರೇ ಇದ್ದರೆ ಆ ಕಾಲಂ ಇಲ್ಲವೆಂದೇ ತಿಳಿಯಬೇಕು.

## ಇನ್ನಷ್ಟು ಆಳಕ್ಕೆ

ಫಾರ್ಮುಲಾ ಬದಲಾದ ಕೂಡಲೇ ತಾನಾಗಿ ಪಟ್ಟಿಗೆ ಸೇರುವಂತೆ ಸ್ಕ್ರಿಪ್ಟ್ ಬರೆಯಬಹುದೇ?

ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನ 'ಆನ್‌ಎಡಿಟ್', ಅಂದರೆ ಯಾರಾದರೂ ತಿದ್ದಿದ ಕೂಡಲೇ ತಾನಾಗಿ ಓಡುವ ಭಾಗ, ಇದಕ್ಕೆ ಸುಲಭವೆಂದು ತೋರುತ್ತದೆ, ಆದರೆ ಅದರಲ್ಲಿ ಕಿಂಡಿಗಳಿವೆ. ಹಲವು ಸೆಲ್‌ಗಳನ್ನು ಒಟ್ಟಿಗೆ ಪೇಸ್ಟ್ ಮಾಡಿದರೆ ಹಳೆಯ ಮೌಲ್ಯ ಅದಕ್ಕೆ ಸಿಗುವುದಿಲ್ಲ. ಬೇರೊಂದು ಸ್ಕ್ರಿಪ್ಟ್ ಮಾಡಿದ ಬದಲಾವಣೆಗೆ ಅದು ಎಚ್ಚೆತ್ತುಕೊಳ್ಳುವುದಿಲ್ಲ. ತಿದ್ದಿದವರ ಇಮೇಲ್ ವಿಳಾಸ ಹಲವೊಮ್ಮೆ ಖಾಲಿ ಬರುತ್ತದೆ. ಹೆಚ್ಚು ನಂಬಬಹುದಾದ ದಾರಿ, ದಿನಕ್ಕೊಮ್ಮೆ ಸಮಯ ನಿಗದಿಪಡಿಸಿ 'ಗೆಟ್‌ಫಾರ್ಮುಲಾಸ್' ಮೂಲಕ ಎಲ್ಲ ಸೂತ್ರಗಳನ್ನೂ ಓದಿ, ಹಿಂದಿನ ದಿನ ಉಳಿಸಿದ ಪ್ರತಿಯೊಂದಿಗೆ ಹೋಲಿಸಿ, ವ್ಯತ್ಯಾಸಗಳನ್ನು ಪಟ್ಟಿಗೆ ಸೇರಿಸಿ, ಕಾರಣದ ಕಾಲಂ ಅನ್ನು ಖಾಲಿ ಬಿಡುವುದು. ಖಾಲಿ ಉಳಿದ ಸಾಲುಗಳೇ ಮರುದಿನ ಬೆಳಿಗ್ಗೆ ಯಾರನ್ನು ಕೇಳಬೇಕೆಂದು ನೆನಪಿಸುತ್ತವೆ.

ಎರಡು ಆವೃತ್ತಿಗಳನ್ನು ಹೋಲಿಸಿದರೆ ಎಲ್ಲ ಸಾಲೂ ಬದಲಾದಂತೆ ಕಾಣುತ್ತದೆ. ಯಾಕೆ?

ಸೂತ್ರಗಳಲ್ಲಿ ಸೆಲ್ ವಿಳಾಸ ಇರುವುದರಿಂದ ಮೇಲೆ ಒಂದು ಸಾಲು ಸೇರಿಸಿದರೆ ಕೆಳಗಿನ ಎಲ್ಲ ಸೂತ್ರಗಳ ಅಕ್ಷರಗಳೂ ಬದಲಾಗುತ್ತವೆ, ಅರ್ಥ ಬದಲಾಗಿರುವುದಿಲ್ಲ. 'ಆರ್1ಸಿ1' ಎಂಬ ಬರಹದ ಕ್ರಮದಲ್ಲಿ ವಿಳಾಸವನ್ನು "ಇದೇ ಸಾಲು, ಎರಡು ಕಾಲಂ ಎಡಕ್ಕೆ" ಎಂಬಂತೆ ಹೇಳುವುದರಿಂದ, ಸರಿಯಾಗಿ ಎಳೆದ ಕಾಲಂನ ಎಲ್ಲ ಸೆಲ್‌ಗಳಲ್ಲಿಯೂ ಸೂತ್ರ ಅಕ್ಷರಶಃ ಒಂದೇ ಇರುತ್ತದೆ ಮತ್ತು ಭಿನ್ನವಾದದ್ದು ಕೂಡಲೇ ತಿಳಿಯುತ್ತದೆ. ಎಕ್ಸೆಲ್‌ನ ಆಯ್ಕೆಗಳಲ್ಲಿ ಈ ಕ್ರಮಕ್ಕೆ ಬದಲಿಸಿಕೊಳ್ಳಬಹುದು. ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಇದೇ ರೂಪದಲ್ಲಿ ಸೂತ್ರಗಳನ್ನು ಓದುವ ವಿಧಾನವಿದೆ. ವಿಂಡೋಸ್‌ನಲ್ಲಿ ಆಫೀಸ್‌ನ ಕೆಲವು ಆವೃತ್ತಿಗಳೊಂದಿಗೆ ಬರುವ 'ಸ್ಪ್ರೆಡ್‌ಶೀಟ್ ಕಂಪೇರ್' ಎರಡು ಕಡತಗಳ ಸೂತ್ರಗಳನ್ನೂ ಅಂಕಿಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ.

ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಶೀಟ್‌ನ ವರ್ಷನ್ ಹಿಸ್ಟರಿಯೇ ಆಡಿಟ್ ಟ್ರೇಲ್ ಆಗುತ್ತದೆಯೇ?

ಆಗುತ್ತದೆಂದು ನಂಬಿ ಕೂರಬಾರದು. ಲೆಕ್ಕಪತ್ರಗಳಿಗೆ ತಂತ್ರಾಂಶ ಬಳಸುವ ಕಂಪನಿಗಳು, ಪ್ರತಿ ವ್ಯವಹಾರದ ಬದಲಾವಣೆಯನ್ನು ದಿನಾಂಕ ಸಮೇತ ದಾಖಲಿಸುವ ಮತ್ತು ಆ ದಾಖಲಾತಿಯನ್ನು (ಇದೇ ಆಡಿಟ್ ಟ್ರೇಲ್) ನಿಲ್ಲಿಸಲಾಗದಂಥ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಕನಿಷ್ಠ ಎಂಟು ಆರ್ಥಿಕ ವರ್ಷ ಕಾಪಾಡಬೇಕು. ಅದರ ಎದುರು ಎಕ್ಸೆಲ್‌ನ 60 ದಿನಗಳನ್ನು ಇಟ್ಟು ನೋಡಿ. ಗೂಗಲ್ ಶೀಟ್ಸ್‌ನಲ್ಲಿಯೂ ಹಳೆಯ ಆವೃತ್ತಿಗಳು ಕಾಲಕ್ರಮದಲ್ಲಿ ಒಂದರೊಳಗೊಂದು ಸೇರಿಹೋಗಬಹುದು, ಮತ್ತು ಕಡತದ ಪ್ರತಿ ಮಾಡಿದರೆ ಪ್ರತಿಗೆ ಹಳೆಯ ಇತಿಹಾಸ ಬರುವುದೇ ಇಲ್ಲ. ಮೂಲ ಲೆಕ್ಕ ತಕ್ಕ ತಂತ್ರಾಂಶದಲ್ಲಿರಲಿ, ಶೀಟು ಅದಕ್ಕೆ ಪೂರಕ ಲೆಕ್ಕಗಳಿಗಷ್ಟೇ ಇರಲಿ. ನಿಮ್ಮ ಸಂದರ್ಭಕ್ಕೆ ಯಾವುದು ಸರಿ ಎಂಬುದನ್ನು ಲೆಕ್ಕಪರಿಶೋಧಕರು ಹೇಳಬೇಕು.

ಶೀಟ್ ಮಾಡಿದವರು ನಿವೃತ್ತರಾದರು. ಒಂದು ಸಾಲು ವಿವರಣೆಯೂ ಇಲ್ಲ. ಎಲ್ಲಿಂದ ಶುರು ಮಾಡುವುದು?

ಮೊದಲು ಕಡತದ ಮಾಲೀಕತ್ವ ಯಾರ ಖಾತೆಯಲ್ಲಿದೆ ನೋಡಿ. ಅದು ಅವರ ಸ್ವಂತ ಜಿಮೇಲ್ ಆಗಿದ್ದರೆ ಅವರು ಸಿಗುವಾಗಲೇ ವರ್ಗಾಯಿಸಿಕೊಳ್ಳಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ನೀತಿ ಗೂಗಲ್‌ನಲ್ಲಿದೆ. ಆಮೇಲೆ 'ಫಾರ್ಮುಲಾಟೆಕ್ಸ್ಟ್' ಬಳಸಿ ಪ್ರತಿ ಕಾಲಂನ ಮೊದಲ ಸೂತ್ರವನ್ನು ಒಂದು ಹೊಸ ಹಾಳೆಗೆ ತಂದು, ಪಕ್ಕದಲ್ಲಿ ಅದು ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದೊಂದು ವಾಕ್ಯ ಬರೆಯುತ್ತ ಹೋಗಿ. ಅರ್ಥವಾಗದ ಅಂಕಿ ಸೂತ್ರದಲ್ಲಿ ಕಂಡರೆ, ಉದಾಹರಣೆಗೆ 1800 ಎಂದಿದ್ದರೆ, ಅದು ಭವಿಷ್ಯ ನಿಧಿಯ ₹15,000 ವೇತನ ಮಿತಿಯ ಶೇಕಡಾ 12 ಆಗಿರಬಹುದು. ಹಾಗೆ ಊಹಿಸಿದ್ದನ್ನು 'ಊಹೆ' ಎಂದೇ ಗುರುತಿಸಿ, ಖಚಿತವಾಗುವವರೆಗೆ ಬದಲಿಸಬೇಡಿ. ಪಟ್ಟಿ ಮುಗಿದ ಮೇಲೆ 'ಊಹೆ' ಎಂದಿರುವ ಸಾಲುಗಳನ್ನಷ್ಟೇ ಬೇರೆ ಮಾಡಿಕೊಂಡು ನಿವೃತ್ತರಾದವರಿಗೆ ಒಂದು ಫೋನ್ ಮಾಡಿ. ಇಡೀ ಶೀಟನ್ನು ವಿವರಿಸಿ ಎಂದರೆ ಬೇಸರಪಡುವವರೂ ಅಂಥ ಐದಾರು ನಿರ್ದಿಷ್ಟ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಸಂತೋಷದಿಂದಲೇ ಉತ್ತರಿಸುತ್ತಾರೆ.